ಚೀನಾ ಕಾಗದದ ಬೈಂಡು

ಅರವತ್ತೆರಡರ ಯುದ್ಧ ನಮ್ಮ ಕಡೆಗೆ ಬರಲೇ ಇಲ್ಲ ಎಂದು ಹೇಳುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬಂದಿತ್ತು. ಆಲಂಕಾರಿನಿಂದ ರಾಮಕುಂಜಕ್ಕೆ ಹೋಗುವ ದಾರಿ ಬಿಟ್ಟು ಒಳಗೆ ನಡೆದರೆ ಸಿಗುತ್ತಿದ್ದ ನಮ್ಮ ಶಾಲೆಯ ಜಗಲಿಯವರೆಗೆ ಬಂದಿತ್ತು. ಬೆಂಚಿನ ಮೇಲೆ ಕೂತು, ಬೆಲ್ಲದ ಕಾಫಿ ಕುಡಿದು, ಒಬ್ಬ ಮನುಷ್ಯನನ್ನು ಎಬ್ಬಿಸಿಕೊಂಡು ಹೋಗಿತ್ತು. ಅದಕ್ಕೆ ಬೇಕಾದ ಹೆಸರನ್ನು ಹೇಳಿದವನು ನಾನು.

ಕಾಫಿ ಕುಡಿದದ್ದು ಜಗಲಿಯಲ್ಲೋ ಪಟೇಲರ ಮನೆಯಲ್ಲೋ ಎಂಬುದು ಖಚಿತವಿಲ್ಲ. ಶಾಲೆಯಲ್ಲಿ ಕಾಫಿಪುಡಿ, ಬೆಲ್ಲ ಇಡುತ್ತಿರಲಿಲ್ಲ, ಹಾಗಾಗಿ ಪಟೇಲರ ಮನೆಯೇ ಇರಬೇಕು. ಆದರೆ ನೆನಪು ಹಟ ಹಿಡಿದು ಜಗಲಿಯನ್ನೇ ತೋರಿಸುತ್ತದೆ. ಯಾಕೆಂದು ನನಗೆ ಗೊತ್ತು. ಜಗಲಿ ನನ್ನ ಜಾಗ, ಅಲ್ಲಿಗೆ ಅವರು ಬಂದರು ಎಂದರೆ ನಾನು ಸಿಕ್ಕಿಬಿದ್ದವನಾಗುತ್ತೇನೆ. ಪಟೇಲರ ಮನೆ ಎಂದರೆ ನಾನೇ ನಡೆದುಕೊಂಡು ಹೋದವನಾಗುತ್ತೇನೆ. ಆದ್ದರಿಂದ ಮೊದಲಿನ ಪ್ಯಾರಾದ ಜಗಲಿಯನ್ನು ಓದುವವರು ಹೊಡೆದುಹಾಕಬೇಕು. ನಾನು ನಡೆದುಕೊಂಡು ಹೋದೆ.

ಅದು ಇಬ್ಬರು ಮಾಸ್ತರರ ಶಾಲೆ. ನಾನು ಹಿರಿಯವನು. ಸುಳ್ಯದ ಆಚೆಯ ಗೌಡರ ಮನೆಯವನು. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಗಡಿ ಹತ್ತಿರವಾದ್ದರಿಂದ ಅಷ್ಟಿಷ್ಟು ಮಲೆಯಾಳವೂ ಬರುತ್ತಿತ್ತು. ಊರಿನ ಅಂಚೆಯ ಕೆಲಸವೂ ನನ್ನದೇ. ಒಂದು ತಗಡಿನ ಪೆಟ್ಟಿಗೆ, ಒಂದು ಮುದ್ರೆ, ಒಂದು ಮಸಿಯ ಡಬ್ಬಿ. ಯಾರಿಗೆ ಎಲ್ಲಿಂದ ಏನು ಬರುತ್ತದೆ ಎಂಬುದು ಊರಿನಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಅಂಚೆಯವನು ಯಾರ ಪಕ್ಷವೂ ಅಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಬೈಂಡಿನ ವಿಷಯ ಹೇಳದೆ ಮುಂದೆ ಹೋಗಲಾಗುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಪುಸ್ತಕಗಳಿಗೆ ಬೈಂಡು ಹಾಕಬೇಕು, ಅಂದರೆ ಮೇಲೊಂದು ಕಾಗದದ ಅಂಗಿ ತೊಡಿಸಬೇಕು. ನಮ್ಮ ಮಕ್ಕಳು ಎರಡು ಮೂರು ಹೊಳೆ ದಾಟಿ ಬರುವವರು. ವೃತ್ತಪತ್ರಿಕೆಯ ಕಾಗದ ಒಂದೇ ವಾರದಲ್ಲಿ ಗಂಜಿಯಾಗುತ್ತಿತ್ತು. ಆಗ ಪರದೇಶಗಳಿಂದ ಚಿತ್ರಪತ್ರಿಕೆಗಳು ಬರುತ್ತಿದ್ದವು. ದಪ್ಪ, ನುಣುಪು ಕಾಗದ. ನೀರು ಬಿದ್ದರೆ ಒರೆಸಿದರಾಯಿತು. ಅಮೆರಿಕದ್ದು ಒಂದು ಕಾರ್ಡು ಹಾಕಿದರೆ ಪುಕ್ಕಟೆ ಬರುತ್ತಿತ್ತು. ರಷ್ಯಾದ್ದಕ್ಕೂ ಚೀನಾದ್ದಕ್ಕೂ ಪುತ್ತೂರಿನ ಬಸ್ ನಿಲ್ಲುವಲ್ಲಿ ಒಬ್ಬ ಏಜಂಟ ಕೂರುತ್ತಿದ್ದ, ಅವನಲ್ಲಿ ಫಾರಂ ತುಂಬಿಸಿ ಕೊಡಬೇಕು. ಎಲ್ಲವೂ ಅಗ್ಗ. ದೇಶ ಆಗ ಯಾರ ಕಡೆಗೂ ಸೇರದ ದೇಶ. ನಮ್ಮ ಮಕ್ಕಳ ಚೀಲದಲ್ಲಿ ಕನ್ನಡಕ್ಕೆ ರಷ್ಯಾ, ಲೆಕ್ಕಕ್ಕೆ ಅಮೆರಿಕ, ಸಮಾಜಕ್ಕೆ ಚೀನಾ. ಆಗಸ್ಟಿನ ಭಾಷಣದಲ್ಲಿ ನಾನು ಒಂದು ಮಗುವಿನ ಚೀಲ ಎತ್ತಿ ತೋರಿಸಿ, 'ಇದೇ ನೋಡಿ ಅಲಿಪ್ತ ನೀತಿ' ಎಂದದ್ದುಂಟು. ಪಟೇಲರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದರು.

ಮೂರೂ ಪತ್ರಿಕೆಗಳನ್ನು ತರಿಸುತ್ತಿದ್ದವನು ನಾನೇ. ಆದರೆ ಒಂದೂ ನನ್ನ ಹೆಸರಿನಲ್ಲಿ ಬರುತ್ತಿರಲಿಲ್ಲ. ಕೇರಳದಲ್ಲಿ ಕೆಂಪು ಮಂತ್ರಿಮಂಡಲ ಬಂದ ವರ್ಷ ನಮ್ಮ ಇನ್‌ಸ್ಪೆಕ್ಟರರು ಮಾಸ್ತರರ ಸಭೆಯಲ್ಲಿ, 'ಯಾರ ಮನೆಗೆ ಯಾವ ಪೇಪರು ಬರುತ್ತದೆ ಎಂದು ಮೇಲಿನವರಿಗೆ ಗೊತ್ತಾಗುತ್ತದೆ' ಎಂದು ನಗುತ್ತಾ ಹೇಳಿದ್ದರು. ಆ ನಗು ನನಗೆ ಸಾಕಾಯಿತು. ಅಮೆರಿಕವನ್ನು ಪಟೇಲರ ಹೆಸರಿಗೆ ಹಾಕಿದೆ. ರಷ್ಯಾವನ್ನು ಜಿನಸಿನ ಅಂಗಡಿಯವನ ಹೆಸರಿಗೆ. ಚೀನಾಕ್ಕೆ ಯಾರು ಎಂದು ಯೋಚಿಸಿ, ಗುಡ್ಡದ ಮೇಲಿನ ಕ್ರಿಶ್ಚಿಯನನ ಬಳಿಗೆ ಹೋದೆ.

ಅವನು ತಿರುವಾಂಕೂರು ಕಡೆಯಿಂದ ಬಂದವನು. ನೆಲ್ಯಾಡಿಯ ಆಚೆ ಅವನ ಕಡೆಯವರು ಬೇಕಾದಷ್ಟು ಮಂದಿ ಇದ್ದರು, ನಮ್ಮಲ್ಲಿ ಅವನದೊಂದೇ ಮನೆ. ಪಟೇಲರ ಜಮೀನಿಗೆ ತಾಗಿದ ಗುಡ್ಡದಲ್ಲಿ ಮರಗೆಣಸು ಹಾಕಿ, ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದ. ಅದು ಕುಮ್ಕಿ, ನೆಲ ಸರಕಾರದ್ದು, ಸೊಪ್ಪು ಸೌದೆಯ ಹಕ್ಕು ಮಾತ್ರ ಪಟೇಲರದ್ದು. ಗುಡ್ಡ ಬೋಳಾಗಿದ್ದಾಗ ಪಟೇಲರು ಬಾಯಿಮಾತಿನಲ್ಲಿ, 'ಮಾಡಿಕೊ ಹೋಗು' ಎಂದಿದ್ದರು. ಕಾಗದಪತ್ರ ಒಂದೂ ಇರಲಿಲ್ಲ.

ನಾನು ಹೋದಾಗ ಅವನು ಗೆಣಸಿನ ದಂಟು ಕಡಿದು ನೆಡುತ್ತಿದ್ದ.

"ನಿಮ್ಮ ಹೆಸರಿಗೊಂದು ಚಿತ್ರದ ಪುಸ್ತಕ ತರಿಸ್ತೇನೆ. ಮಗಳ ಬೈಂಡಿಗೆ ಆಗ್ತದೆ."

"ಎಲ್ಲಿಂದ ಮಾಷೆ?"

"ಚೀನಾದಿಂದ."

ಅವನು ಕತ್ತಿ ಕೆಳಗಿಟ್ಟ. "ಅವರು ಕಮ್ಯುನಿಸ್ಟ್ ಅಲ್ವಾ? ನನ್ನ ಅಣ್ಣನ ತಲೆ ಒಡೆದದ್ದು ಯಾರಂತ ಗೊತ್ತುಂಟಾ ನಿಮ್ಗೆ? ಊರಲ್ಲಿ ಅವರ ಸರಕಾರದ ವಿರುದ್ಧ ಮೆರವಣಿಗೆ ಹೋದದ್ದಕ್ಕೆ ಏಳು ಹೊಲಿಗೆ!"

"ಓದುದು ಬೇಡ ಮಾರಾಯ್ರೆ. ಕಾಗದ ಮಾತ್ರ."

ಅವನು ಗಟ್ಟಿಯಾಗಿ ನಕ್ಕ. "ಹಾಗಾದ್ರೆ ತರಿಸಿ. ಕಮ್ಯುನಿಸ್ಟನ ಚರ್ಮ ಸುಲಿದು ಮಗಳ ಇಗರ್ಜಿಯ ವೇದಪಾಠದ ಪುಸ್ತಕಕ್ಕೆ ಬೈಂಡು ಹಾಕುವ. ಪುಣ್ಯ ಬರ್ತದೆ."

ಕೈಯ ಮಣ್ಣು ಒರೆಸಿ ಫಾರಮಿನ ಕೆಳಗೆ ಮಲೆಯಾಳದಲ್ಲಿ ರುಜು ಹಾಕಿದ. ಅವನಿಗೆ ಕನ್ನಡ ಓದಲಿಕ್ಕೆ ಬರುತ್ತಿರಲಿಲ್ಲ.

ಚೀನಾವನ್ನು ಅವನಿಗೇ ಯಾಕೆ ಕೊಟ್ಟೆ? ಬಹಳ ವರ್ಷ ನಾನು ಇದಕ್ಕೆ ಒಂದು ಉತ್ತರ ಇಟ್ಟುಕೊಂಡಿದ್ದೆ: ಅವನ ಮಗಳು ಜಾಣೆ, ಅವಳಿಗೆ ಒಳ್ಳೆಯ ಕಾಗದ ಸಿಗಲಿ ಎಂದು. ಸುಳ್ಳು. ಎಲ್ಲ ಮಕ್ಕಳಿಗೂ ಕಾಗದ ನಾನೇ ಹಂಚುತ್ತಿದ್ದೆ. ಅವನಿಗೆ ಕೊಟ್ಟದ್ದು, ನಾಳೆ ಏನಾದರೂ ಆದರೆ ಅವನ ಪರವಾಗಿ ಕೇಳಲಿಕ್ಕೆ ಊರಿನಲ್ಲಿ ಒಬ್ಬನೂ ಇಲ್ಲ ಎಂದು. ಇಷ್ಟು ಸ್ಪಷ್ಟವಾಗಿ ಆಗ ಯೋಚಿಸಿರಲಿಲ್ಲ. ಯೋಚಿಸದೆಯೇ ಸರಿಯಾದ ಮನುಷ್ಯನನ್ನು ಹುಡುಕಿಕೊಂಡೆನಲ್ಲ, ಅದಕ್ಕೇ ಸಿಟ್ಟು.

ಪತ್ರಿಕೆ ಬಂದರೆ ಮೊದಲು ನಾನು ಓದುತ್ತಿದ್ದೆ. ನನಗೆ ಅದು ಇಷ್ಟವಿತ್ತು. ದೊಡ್ಡ ದೊಡ್ಡ ಸೇತುವೆಗಳು, ಟ್ರಾಕ್ಟರಿನ ಮೇಲೆ ಕೂತು ನಗುವ ಹೆಂಗಸರು. ನಮ್ಮ ಹೊಳೆ ದಾಟಲು ಹಾಕಿದ ಅಡಕೆ ಮರದ ಸಂಕವೂ ಪ್ರತಿ ಮಳೆಗಾಲ ಕೊಚ್ಚಿ ಹೋಗುತ್ತಿತ್ತು. ಚೆನ್ನಾಗಿದ್ದ ಸಂಚಿಕೆಗಳನ್ನು ನನ್ನ ಟ್ರಂಕಿನಲ್ಲಿಟ್ಟುಕೊಂಡು ಉಳಿದದ್ದನ್ನು ಹಂಚುತ್ತಿದ್ದೆ. ಅವನ ಮನೆಗೆ ಹೋಗುತ್ತಿದ್ದದ್ದು ಕೆಲವು ಹಾಳೆಗಳು. ಅವನ ಹೆಂಡತಿ ಅದರಲ್ಲಿ ಹೂವಿನ ಚಿತ್ರಗಳನ್ನು ಮಾತ್ರ ಆರಿಸಿ ಮಣ್ಣಿನ ಗೋಡೆಗೆ ಅಂಟಿಸಿದ್ದಳು.

ಆಮೇಲೆ ಅಕ್ಟೋಬರ್ ಬಂತು. ರೇಡಿಯೋ ಇದ್ದದ್ದು ಪಟೇಲರ ಮನೆಯಲ್ಲಿ ಒಂದೇ. ಜನ ಅಂಗಳದಲ್ಲಿ ನಿಂತು ಕೇಳುತ್ತಿದ್ದರು. ಜಿನಸಿನ ಅಂಗಡಿಯಲ್ಲಿ ಚೀನಾದವರು ಎಲ್ಲಿಂದ ಇಳಿಯುತ್ತಾರೆ ಎಂದು ಚರ್ಚೆ.

"ಸುಬ್ರಹ್ಮಣ್ಯದ ಘಾಟಿಯಿಂದಲೇ ಇಳಿಯುದು. ಬೇರೆ ದಾರಿ ಎಲ್ಲುಂಟು?"

"ಇಳಿದ್ರೆ ಇಳೀಲಿ ಮಾರಾಯ. ಕಡಬದವರೆಗೆ ರಸ್ತೆ ನೋಡಿ ಅವರೇ ವಾಪಾಸು ಹೋಗ್ತಾರೆ."

ಅಂಗಡಿಯವನು ಮಾತ್ರ ನಗಲಿಲ್ಲ. ನನ್ನನ್ನು ಅಕ್ಕಿ ಮೂಟೆಯ ಹಿಂದೆ ಕರೆದು, "ಮಾಷ್ಟ್ರೆ, ರಷ್ಯಾ ನಮ್ಮ ಕಡೆಯಾ, ಅವರ ಕಡೆಯಾ? ನನ್ನ ಹೆಸರಿಗೆ ಬರ್ತದಲ್ಲ ಅದು," ಎಂದ. ಸದ್ಯಕ್ಕೆ ಎರಡೂ ಕಡೆಯಲ್ಲ ಎಂದೆ. "ಸದ್ಯಕ್ಕೆ ಅಂದ್ರೆ ಎಷ್ಟು ದಿನ?" ಎಂದು ಕೇಳಿದ.

ಆ ವಾರವೇ ಪಟೇಲರು ಹೇಳಿಕಳುಹಿಸಿದರು. ಹೋದೆ. ಚಾವಡಿಯಲ್ಲಿ ಒಬ್ಬ ಪೊಲೀಸು ಜಮಾದಾರ ಕೂತಿದ್ದ. ಪಟೇಲರ ಹೆಂಡತಿ ಕಾಫಿ ತಂದಿಟ್ಟರು. ಜಮಾದಾರ ಒರಟನಾಗಿರಲಿಲ್ಲ. ಒರಟನಾಗಿದ್ದರೆ ನನಗೆ ಇಂದು ಅನುಕೂಲವಾಗುತ್ತಿತ್ತು.

"ಈ ಊರಿಗೆ ಚೀನಾದ್ದೊಂದು ಪುಸ್ತಕ ಬರ್ತದಂತೆ. ಯಾರ ಹೆಸರಿಗೆ ಬರುದು ಮಾಷ್ಟ್ರೆ?"

ನಾನು ತಡವರಿಸಿದೆ ಎಂದು ಬರೆಯಬೇಕೆನಿಸುತ್ತದೆ. ಕಾಫಿಯ ಲೋಟ ಕೈಯಲ್ಲಿ ನಡುಗಿತು ಎಂದೂ ಬರೆಯಬಹುದು. ಆದರೆ ನನಗೆ ನಿಜವಾಗಿ ನೆನಪಿರುವುದು ಕಾಫಿ ಬಿಸಿಯಾಗಿತ್ತು, ಬೆಲ್ಲ ಹೆಚ್ಚಾಗಿತ್ತು, ನಾನು ಪೂರ್ತಿ ಕುಡಿದೆ ಎಂಬಷ್ಟೇ. ಗುಡ್ಡದ ಮೇಲಿನವನ ಹೆಸರು ಹೇಳಿದೆ. ಲಕೋಟೆಯ ಮೇಲೆ ಇದ್ದದ್ದನ್ನೇ ಹೇಳಿದೆ. ಒಂದಕ್ಷರ ಸುಳ್ಳಿಲ್ಲ.

"ಅವನು ಕೇರಳದವನಲ್ವಾ?" ಎಂದ ಜಮಾದಾರ, ಅದರಲ್ಲೇ ಎಲ್ಲ ತೀರ್ಮಾನವಾದ ಹಾಗೆ.

"ಹೌದು, ಆ ಕಡೆಯವ," ಎಂದರು ಪಟೇಲರು.

ಅವನಿಗೂ ಕಮ್ಯುನಿಸ್ಟರಿಗೂ ಆಗಿಬರುವುದಿಲ್ಲ, ಅವನ ಅಣ್ಣನ ತಲೆಗೆ ಏಳು ಹೊಲಿಗೆ ಬಿದ್ದಿದೆ, ಅವನು ಪ್ರತಿ ಆದಿತ್ಯವಾರ ಇಗರ್ಜಿಗೆ ಮೈಲುಗಟ್ಟಲೆ ನಡೆಯುತ್ತಾನೆ, ಪತ್ರಿಕೆ ತರಿಸಿದವನು ನಾನು. ಇಷ್ಟು ಹೇಳಲಿಕ್ಕೆ ಒಂದು ನಿಮಿಷ ಸಾಕಿತ್ತು. ಜಮಾದಾರ ಅಂಗಳಕ್ಕೆ ಇಳಿದ ಮೇಲೆ ಪಟೇಲರು ನನ್ನ ಕಡೆಗೆ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದರು:

"ನಿಮ್ಮ ಹೆಸರು ಎಲ್ಲಿಯೂ ಬರುದಿಲ್ಲ ಮಾಷ್ಟ್ರೆ. ನೀವು ಎಂತಕ್ಕೆ ಹೆದರುದು?"

ಅಂದರೆ ಅವರಿಗೆ ಗೊತ್ತಿತ್ತು. ಅಮೆರಿಕದ ಪತ್ರಿಕೆಗೆ ಅವರ ಹೆಸರು ಹಾಕಿದವನು ನಾನಾದರೆ ಚೀನಾದ್ದಕ್ಕೆ ಹಾಕಿದವನೂ ನಾನೇ ಎಂದು ಲೆಕ್ಕ ಹಾಕಲು ಅವರಿಗೆ ಎಷ್ಟು ಹೊತ್ತು ಬೇಕು? ಗುಡ್ಡದ ಬಳ್ಳಿಗಳಲ್ಲಿ ಆಗ ಮೆಣಸು ಕಚ್ಚಲು ಶುರುವಾಗಿತ್ತು. ಅವರಿಗೆ ಗುಡ್ಡ ಬೇಕಿತ್ತು. ನನಗೆ ನೌಕರಿ ಬೇಕಿತ್ತು. ದೇಶಕ್ಕೆ ಏನು ಬೇಕಿತ್ತೋ ಗೊತ್ತಿಲ್ಲ, ಆದರೆ ನಾವಿಬ್ಬರೂ ಅಂದು ದೇಶದ ಹೆಸರಿನಲ್ಲೇ ಎದ್ದು ನಿಂತೆವು.

ಮಹಜರಿಗೆ ಸಾಕ್ಷಿ ಬೇಕೆಂದು ನನ್ನನ್ನೂ ಗುಡ್ಡ ಹತ್ತಿಸಿದರು. ಮನೆಯಲ್ಲಿ ಸಿಕ್ಕಿದ್ದು ಗೋಡೆಯ ಮೇಲಿನ ಹೂವುಗಳು, ಮಗಳ ಪಾಠಪುಸ್ತಕಗಳು, ಚೀನಾದ ಒಂದು ಅಣೆಕಟ್ಟು ಹೊದ್ದುಕೊಂಡಿದ್ದ ವೇದಪಾಠ. ಜಮಾದಾರ ಪಾಠಪುಸ್ತಕಗಳನ್ನು ಬದಿಗಿಟ್ಟು, ವೇದಪಾಠವನ್ನು ತಿರುಗಿಸಿ ತಿರುಗಿಸಿ ನೋಡಿದ. ಒಳಗೆ ಮಲೆಯಾಳ, ಹೊರಗೆ ಚೀನಾ. ಅದಕ್ಕಿಂತ ದೊಡ್ಡ ಪುರಾವೆ ಅವನಿಗೆ ಬೇಕಾಗಿರಲಿಲ್ಲ.

ಮನೆಯವನು ಮೊದಲಿಗೆ ಗಾಬರಿಯಾಗಲೇ ಇಲ್ಲ. ನನ್ನನ್ನು ಕಂಡು ಧೈರ್ಯ ಬಂದಿರಬೇಕು. "ಇದು ಬೈಂಡಿನ ಕಾಗದ ಸ್ವಾಮಿ," ಎಂದು ನಗುತ್ತಲೇ ಹೇಳಿದ. ಅವರು ನಗಲಿಲ್ಲ. ಆಗ ನನ್ನ ಕಡೆ ತಿರುಗಿದ.

"ಮಾಷೆ, ಹೇಳಿ ಇವರಿಗೆ."

ನಾನು ಹೇಳಿದ್ದು ಇದು: "ನೀವೀಗ ಅವರ ಒಟ್ಟಿಗೆ ಹೋಗಿ ಬನ್ನಿ. ಆಮೇಲೆ ನೋಡುವ."

ಈ ಮಾತನ್ನು ಮಾತ್ರ ನೆನಪು ಎಲ್ಲಿಯೂ ತಿದ್ದಿಲ್ಲ. ಪದ ಪದವೂ ಹಾಗೆಯೇ ಇದೆ. ನಮ್ಮ ಕಡೆಯಲ್ಲಿ 'ನೋಡುವ' ಎಂದರೆ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಹತ್ತು ವರ್ಷ ಇಲ್ಲಿದ್ದ ಅವನಿಗೂ ಗೊತ್ತಿತ್ತು. ನನ್ನನ್ನು ಒಂದು ಸಲ ನೋಡಿ, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. ನಾನು ಮಹಜರಿಗೆ ರುಜು ಹಾಕಿದೆ. ಅವನನ್ನು ಪುತ್ತೂರಿಗೆ, ಅಲ್ಲಿಂದ ಘಟ್ಟದ ಮೇಲಿನ ಯಾವುದೋ ಜೈಲಿಗೆ ಕೊಂಡುಹೋದರು. ಕೇಸಿಲ್ಲ, ವಿಚಾರಣೆ ಇಲ್ಲ. ಆಗಿನ ಕಾನೂನಿಗೆ ಅದು ಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಟ್ರಂಕಿನ ಸಂಚಿಕೆಗಳನ್ನು ಶಾಲೆಗೆ ತಂದೆ. ಮಕ್ಕಳಿಗೆ ಕುಡಿಸಲು ಅಮೆರಿಕದಿಂದ ಹಾಲಿನ ಪುಡಿ ಬರುತ್ತಿತ್ತು, ಅದನ್ನು ಹಿತ್ತಲಿನ ಒಲೆಯಲ್ಲಿ ಕುದಿಸುತ್ತಿದ್ದೆವು. ಚೀನಾವನ್ನು ಉರಿಸಿ ಅಮೆರಿಕವನ್ನು ಕಾಯಿಸಿದೆ. ಆಮೇಲೆ ಮಕ್ಕಳನ್ನು ಸಾಲು ನಿಲ್ಲಿಸಿ, ಸಮಾಜ ಪುಸ್ತಕದ ಬೈಂಡು ತೆಗೆದು ಒಲೆಗೆ ಹಾಕಲು ಹೇಳಿದೆ. ಅವರಿಗೆ ಅದು ಹಬ್ಬ. ಒಬ್ಬೊಬ್ಬನೂ 'ಚೀನಾಕ್ಕೆ ಧಿಕ್ಕಾರ' ಎಂದು ಕೂಗಿ ಎಸೆದ. ಗುಡ್ಡದವನ ಮಗಳೂ ಸಾಲಿನಲ್ಲಿದ್ದಳು. ಅವಳ ಸರದಿ ಬಂದಾಗ ಬೈಂಡು ತೆಗೆದು, ಒಲೆಗೆ ಹಾಕದೆ, ಮಡಚಿ ನನ್ನ ಕೈಗೆ ಕೊಟ್ಟಳು.

"ಇದು ನಿಮ್ಮದಲ್ವಾ ಮಾಷೆ."

ಸಿಟ್ಟಿನಲ್ಲಿ ಹೇಳಿದ್ದಲ್ಲ. ಕೊಟ್ಟವರಿಗೆ ಹಿಂದಿರುಗಿಸಬೇಕು ಎಂದು ಮನೆಯಲ್ಲಿ ಕಲಿಸಿದ್ದರು, ಅಷ್ಟೆ. ನಾನು ಅವಳ ಎದುರಿಗೇ ಒಲೆಗೆ ಹಾಕಿದೆ.

ಆ ತಿಂಗಳುಗಳಲ್ಲಿ ನಾನು ಅರ್ಜಿ ಬರೆದೆ. ಮೂರು ಸಲ ಬರೆದೆ. ಪತ್ರಿಕೆ ತರಿಸಿದವನು ನಾನು, ಅವನಿಗೆ ಇದರ ಸಂಬಂಧವಿಲ್ಲ ಎಂದು. ಮೂರನೆಯದನ್ನು ಜೇಬಿನಲ್ಲಿಟ್ಟು ಪುತ್ತೂರಿಗೂ ಹೋದೆ. ಕಚೇರಿಯ ಎದುರಿನ ಹೋಟೆಲಿನಲ್ಲಿ ಬನ್ಸು ತಿಂದೆ. ಎರಡು ಗಂಟೆಯ ಬಸ್ಸಿನಲ್ಲಿ ವಾಪಾಸು ಬಂದೆ. ಇದನ್ನು ಹಿಂದೆ ಕೆಲವರಿಗೆ ಹೇಳಿದ್ದೇನೆ, 'ಅರ್ಜಿ ಬರೆದಿದ್ದೆ ಗೊತ್ತುಂಟಾ' ಎಂದು. ಕೇಳಿದವರು, 'ಪಾಪ, ಆ ಕಾಲವೇ ಹಾಗಿತ್ತು, ನೀವು ಎಂತ ಮಾಡ್ಲಿಕ್ಕಾಗ್ತದೆ' ಎಂದರು. ನನಗೆ ಅವರ ಮೇಲೆ ಸಿಟ್ಟು. ಕಾಲ ಬನ್ಸು ತಿನ್ನಲಿಲ್ಲ. ನಾನು ತಿಂದೆ, ಎರಡು.

ಪಟೇಲರ ಬೇಲಿ ಒಂದೊಂದೇ ತಿಂಗಳು ಮೇಲೆ ಹತ್ತಿತು. ಮೊದಲು ಗೆಣಸಿನ ಜಾಗ, ಆಮೇಲೆ ಬಳ್ಳಿಗಳು. ಅವನ ಹೆಂಡತಿ ಜೈಲಿನ ಮುದ್ರೆ ಬಿದ್ದ ಕಾಗದ ತೆಗೆದುಕೊಂಡು ಹೋಗಲು ಬರುತ್ತಿದ್ದಳು. ಬೇರೆಯವರು ನನ್ನಿಂದಲೇ ಓದಿಸಿಕೊಳ್ಳುತ್ತಿದ್ದರು. ಅವಳು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು.

ಮುಂದಿನ ಮಳೆ ಶುರುವಾಗಿ ಕೆಲವು ದಿನಗಳ ಮೇಲೆ ಅವನು ಬಂದ. ಹಿಡಿದದ್ದು ಯಾಕೆಂದು ಹೇಳದ ಹಾಗೆಯೇ ಬಿಟ್ಟದ್ದು ಯಾಕೆಂದೂ ಯಾರೂ ಹೇಳಿರಲಿಲ್ಲ. ಮಕ್ಕಳೆಲ್ಲ ಊಟಕ್ಕೆ ಹೋಗಿದ್ದರು. ಕೊಡೆಯನ್ನು ಜಗಲಿಯಲ್ಲಿ ಮಡಚಿಟ್ಟು ಒಳಗೆ ಬಂದ. ಸೊರಗಿದ್ದ. ನಾನು ಎದ್ದು ನಿಂತೆ.

"ಮಗಳ ಸರ್ಟಿಫಿಕೇಟು ಬೇಕು ಮಾಷೆ. ನಾವು ನೆಲ್ಯಾಡಿ ಆಚೆ ಹೋಗುದು. ಅಣ್ಣನ ಮಗ ಉಂಟು ಅಲ್ಲಿ."

ಕೂರಲು ಹೇಳಿದೆ, ಕೂರಲಿಲ್ಲ. ಪುಸ್ತಕ ತೆಗೆದು ಬರೆಯತೊಡಗಿದೆ. ಹೆಸರು, ತರಗತಿ, ನಡತೆ. ಮಳೆ ಜೋರಾಗಿತ್ತು. ಏನಾದರೂ ಮಾತಾಡಬೇಕೆಂದು, "ಅಲ್ಲಿ ತುಂಬ ಕಷ್ಟ ಆಯ್ತಾ?" ಎಂದು ಕೇಳಿದೆ. ಎಂಥ ಪ್ರಶ್ನೆ!

"ಅಲ್ಲಿ ನಿಜವಾದ ಕಮ್ಯುನಿಸ್ಟರು ಇದ್ರು ಮಾಷೆ. ನನ್ನ ಜೀವಮಾನದಲ್ಲಿ ಮೊದಲ ಸಲ ಹತ್ತಿರದಿಂದ ನೋಡಿದ್ದು. ಒಬ್ಬ ತುಂಬ ಒಳ್ಳೆ ಮನುಷ್ಯ. ನನಗೆ ಕನ್ನಡ ಅಕ್ಷರ ಕಲಿಸಿದ. ಪೂರ್ತಿ ಆಗ್ಲಿಲ್ಲ, ಅಷ್ಟರಲ್ಲಿ ನನ್ನನ್ನು ಬಿಟ್ರು."

ನಾನು ಸರ್ಟಿಫಿಕೇಟು ಹರಿದು ಕೊಟ್ಟೆ. ಅವನು ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು, ಬೆರಳಿಟ್ಟು ಓದತೊಡಗಿದ. ಒಂದೊಂದೇ ಅಕ್ಷರ. ನಾನು ನಿಂತೇ ಇದ್ದೆ. ಕೊನೆಯ ಸಾಲಿಗೆ ಬಂದ. ಶಾಲೆ ಬಿಟ್ಟ ಕಾರಣ.

"ಹೆ... ತ್ತ... ವರ. ಮುಂದಿನದು ಬರುದಿಲ್ಲ. ಎಂತ ಮಾಷೆ ಇದು?"

"ಹೆತ್ತವರ ಇಚ್ಛೆಯಂತೆ."

"ಅಂದ್ರೆ?"

"ಅಂದ್ರೆ, ನಿಮ್ಮ ಇಷ್ಟದಿಂದ ಹೋಗುದು ಅಂತ."

"ನನ್ನ ಇಷ್ಟದಿಂದ ಅಲ್ವಲ್ಲ."

"ಎಲ್ಲರಿಗೂ ಹಾಗೆಯೇ ಬರೆಯುದು. ಅದೊಂದು ಕ್ರಮ."

ಅವನು ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟ. ದನಿ ಏರಲಿಲ್ಲ. "ಕಾರಣ ಬರೀರಿ ಮಾಷೆ. ನಿಮಗೆ ಗೊತ್ತುಂಟು. ಬೇರೆ ಯಾರೂ ಓದುದು ಬೇಡ. ಮಗಳು ದೊಡ್ಡವಳಾದ ಮೇಲೆ ಓದಿದ್ರೆ ಸಾಕು."

ಇಲ್ಲಿಂದ ಮುಂದೆ ನನ್ನ ನೆನಪು ಬಹಳ ಚೆನ್ನಾಗಿದೆ. ನಾನು ಆ ಕಾಗದವನ್ನು ಹರಿದೆ. ಇನ್ನೊಂದು ಹಾಳೆಯಲ್ಲಿ, 'ಈ ಶಾಲೆಯ ಮಾಸ್ತರನು ಸತ್ಯವನ್ನು ಹೇಳದೆ ಇದ್ದುದರಿಂದ' ಎಂದು ಬರೆದೆ. ಅವನು ಅದನ್ನು ಓದಲು ಹೋಗದೆ ಮಡಚಿ ಜೇಬಿಗೆ ಹಾಕಿಕೊಂಡು, ಕೊಡೆ ಬಿಡಿಸಿ ಹೊರಟ. ಮಳೆಯಲ್ಲಿ ಅವನ ಬೆನ್ನು ದೂರವಾಗುವವರೆಗೂ ನಾನು ಬಾಗಿಲಲ್ಲಿ ನಿಂತಿದ್ದೆ. ಎರಡು ವರ್ಷ ಈ ಚಿತ್ರವನ್ನು ಹೊದ್ದುಕೊಂಡು ನಿದ್ದೆ ಮಾಡಿದ್ದೇನೆ. ನೌಕರಿಗೆ ಏನೂ ಆಗಲಿಲ್ಲವಲ್ಲ, ಆ ಕಾಗದ ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡಿದ್ದೇನೆ.

ಅರವತ್ತೈದರಲ್ಲಿ ಇನ್ನೊಂದು ಯುದ್ಧ ಶುರುವಾದಾಗ ನನಗೆ ನರಿಮೊಗರು ಕಡೆಗೆ ವರ್ಗವಾಯಿತು. ಹೊಸ ಮಾಸ್ತರರು ಚಾರ್ಜು ತೆಗೆದುಕೊಳ್ಳಲು ಬಂದಿದ್ದರು. ಒಂದೊಂದೇ ಪುಸ್ತಕ ತೆರೆದು ತೋರಿಸುವಾಗ ಸರ್ಟಿಫಿಕೇಟಿನ ಪುಸ್ತಕವೂ ಬಂತು. ಅದರಲ್ಲಿ ಪ್ರತಿ ಸರ್ಟಿಫಿಕೇಟಿನ ಅರ್ಧ ಪ್ರತಿ ಶಾಲೆಯಲ್ಲೇ ಉಳಿಯುತ್ತದೆ. ಅವಳ ಹೆಸರಿನದ್ದು ಒಂದೇ ಇತ್ತು. ಹರಿದದ್ದಿಲ್ಲ, ಎರಡನೆಯದಿಲ್ಲ. ಕಾರಣದ ಎದುರಿಗೆ ನನ್ನ ದುಂಡು ಅಕ್ಷರದಲ್ಲಿ 'ಹೆತ್ತವರ ಇಚ್ಛೆಯಂತೆ' ಎಂದಿತ್ತು. ಕೆಳಗೆ, ತೆಗೆದುಕೊಂಡವರ ರುಜುವಿನ ಜಾಗದಲ್ಲಿ ಅವನ ಹೆಸರು. ಮಲೆಯಾಳದಲ್ಲಲ್ಲ. ಕನ್ನಡದಲ್ಲಿ. ಒಂದನೇ ತರಗತಿಯ ಮಗು ಬರೆದ ಹಾಗೆ ದೊಡ್ಡ ದೊಡ್ಡ ಅಕ್ಷರ, ಗೆರೆ ದಾಟಿ ಕೆಳಗಿಳಿದಿತ್ತು, ಕೊನೆಯ ಒತ್ತಕ್ಷರ ತಪ್ಪಿತ್ತು. ನಾನು ಬರೆಯಲಿಲ್ಲ. ಅವನು ಬರೆದ.

ಪೆನ್ನು ನನ್ನ ಕೈಯಲ್ಲೇ ಇತ್ತು. ಅರ್ಧ ಪ್ರತಿಯಲ್ಲಾದರೂ ಕಾರಣ ತಿದ್ದಬಹುದಿತ್ತು. ಹೊಸ ಮಾಸ್ತರರು ಹೊರಗೆ ಇಣುಕಿ ನೋಡಿ, "ಬೇಗ ಮಾಡುವ ಸಾರ್, ನಿಮಗೆ ಬಸ್ಸಿಗೆ ಹೊತ್ತಾಯ್ತು," ಎಂದರು. 'ಪುಸ್ತಕ ಒಂದು, ಸುಸ್ಥಿತಿಯಲ್ಲಿದೆ' ಎಂದು ಪಟ್ಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟೆ.